ಮೆಲುಕು ಹಾಕುವ ಪ್ರೆಸ್ಸು

ಕೋವಿಡ್ ಕಳೆದ ಮರುವರ್ಷ ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದೆ. ಕಾರ್ಮಿಕರು ಶಿಫ್ಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದ ಯಂತ್ರಗಳ ದೂರನ್ನು ಮೇಂಟೆನೆನ್ಸ್ ಎಂಜಿನಿಯರಿಗಾಗಿ ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕನ್ನಡ ಎಂ.ಎ. ಓದಿ ಬಂದ ನಾನು ಅಲ್ಲಿ ಮೊದಲು ಕಲಿತದ್ದು ಉಪಮೆಗಳನ್ನು ಕಿತ್ತುಹಾಕುವುದನ್ನು.

ಒಂದು ಸೋಮವಾರ ಶರಣಮ್ಮ ಎಂಬ, ತಗಡು ಒತ್ತುವ ಪ್ರೆಸ್ಸಿನ ಆಪರೇಟರ್ ಬರೆದಿದ್ದರು: ‘ನಾಕನೇ ಪ್ರೆಸ್ಸು ಎಮ್ಮಿ ಮೆಲುಕು ಹಾಕಿದಂಗ ಮಾಡ್ತದ.’ ಆಕೆ ಯಾದಗಿರಿ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆಗಿದ್ದರು. ‘ಅಸಹಜ ಶಬ್ದ’ ಎಂಬರ್ಥದ ಎರಡು ಇಂಗ್ಲಿಷ್ ಪದ ಹಾಕಿ ನಾನು ಮುಂದಿನ ದೂರಿಗೆ ಹೋದೆ. ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದು, ಕಿವಿಗೊಟ್ಟು ಕೇಳಿ, ಗ್ರೀಸ್ ಹಚ್ಚಿ, ಸರಿಯಿದೆ ಎಂದು ಸಹಿ ಮಾಡಿದ.

ಬುಧವಾರ ಅದೇ ಸಾಲು ಮತ್ತೆ ಪುಸ್ತಕದಲ್ಲಿತ್ತು. ಎಂಜಿನಿಯರಿಗೆ ಅದನ್ನು ಇದ್ದ ಹಾಗೇ ಓದಿ ಹೇಳಿದೆ.

“ಏನ್ ಗುರುಗಳೇ, ನಿಮ್ಮ ಎಮ್ಮೆ ಇನ್ನೂ ಮೇಯ್ತಾನೇ ಇದೆಯಲ್ಲ?” ಎಂದರು ಎಂಜಿನಿಯರ್. ನಾನು ಕೂಡಲೇ ಪ್ರೆಸ್ಸಿನ ಬಳಿ ಹೋದೆ ಎಂದು ನನ್ನ ಡೈರಿ ಹೇಳುತ್ತದೆ. ಅದನ್ನು ನಂಬಲಾರೆ. ಅವರೊಂದಿಗೆ ನಾನೂ ನಕ್ಕದ್ದು ನೆನಪಿದೆ.

ಒಂದನ್ನು ಇನ್ನೊಂದರ ಹಾಗೆ ಎಂದರೆ ಉಪಮೆ ಮುಗಿಯುವುದಿಲ್ಲ. ಯಾವ ಗುಣದಲ್ಲಿ ಹಾಗೆ ಎಂಬುದೂ ಬೇಕು. ಅದಕ್ಕೆ ಸಾಧಾರಣ ಧರ್ಮ ಎನ್ನುತ್ತಾರೆ. ಬರೆದವರು ಅದನ್ನು ಬಿಟ್ಟರೆ ಓದುವವನು ತುಂಬಿಕೊಳ್ಳಬೇಕು. ನಾನು ಶಬ್ದ ಎಂದು ತುಂಬಿಕೊಂಡಿದ್ದೆ.

“ಮೆಲುಕು ಹಾಕೋ ಥರ ಸದ್ದು ಬರುತ್ತಾ ಶರಣಮ್ಮಾ?” ಎಂದು ಕೊನೆಗೆ ಪ್ರೆಸ್ಸಿನ ಬಳಿ ಹೋಗಿ ಕೇಳಿದೆ.

“ಸದ್ದೆಲ್ಲಿದು ಸರ. ಎಮ್ಮಿ ಮುಂದ ಮೇವಿಲ್ಲಂದ್ರೂ ಬಾಯಿ ಆಡಸ್ತದಲ್ರೀ, ಹಂಗ. ನಾ ಪೆಡಲ್ ಒತ್ತಿರಂಗಿಲ್ಲ, ಮ್ಯಾಲಿಂದು ತಾನ ಇಳೀತದ. ಊಟ ಆದಮ್ಯಾಲ, ಮಷಿನ್ ಕಾದಾಗಷ್ಟ.”

ಆ ಪ್ರೆಸ್ಸಿನ ಕೆಳಗೆ ತಗಡನ್ನು ಕೈಯಿಂದಲೇ ಇಡಬೇಕು. ನಾನು ಸ್ವಿಚ್ಚು ಆರಿಸಿದೆ.

“ಟಾರ್ಗೆಟ್ ಅದ ಸರ,” ಎಂದರು ಆಕೆ.

“ಇರ್ಲಿ, ಕೈ ಆಚೆ ತಗೊಳ್ಳಿ.”

ಬಿಚ್ಚಿ ನೋಡಿದಾಗ, ಪೆಡಲ್ ಒತ್ತುವ ತನಕ ಪ್ರೆಸ್ಸನ್ನು ತಡೆದು ಹಿಡಿಯುವ ಕ್ಲಚ್ಚಿನ ಸ್ಪ್ರಿಂಗ್ ಮುರಿದಿತ್ತು. ಎಂಜಿನಿಯರ್ ಹೊಸ ಸ್ಪ್ರಿಂಗ್ ತರಿಸಿದರು.

“ಮೊದಲೇ ಬಿಡಿಸಿ ಬರೀಬಾರದಿತ್ತಾ?” ಎಂದು ನಾನು ಆಕೆಯನ್ನು ಕೇಳಿದೆ. ಹಾಗೆ ಕೇಳಿದ್ದಕ್ಕೆ ಇಂದಿಗೂ ನಾಚಿಕೆಯಿದೆ.

“ಬಿಡಿಸೇ ಬರದೀನ್ರೀ. ನೀವು ಎಮ್ಮಿ ಕಟ್ಟಿದೋರಲ್ಲ ಅಂತ ನನಗೇನ್ ಗೊತ್ತು?”

ಸರಿಯಿದೆ ಎಂಬ ಸಹಿಯನ್ನು ನಂಬಿ ಆಕೆ ಇಡೀ ಮಂಗಳವಾರ ಆ ಪ್ರೆಸ್ಸಿನಡಿ ಕೈಯಿಟ್ಟಿದ್ದರು. ಆ ಸಹಿ ನಿಂತಿದ್ದು ನನ್ನ ಎರಡು ಪದಗಳ ಮೇಲೆ. ಈಗ ದೂರಿನಲ್ಲಿ ‘ಹಾಗೆ’ ಎಂಬುದು ಕಂಡರೆ ಕೀಬೋರ್ಡ್ ಮುಟ್ಟುವುದಿಲ್ಲ. ಎದ್ದು ಹೋಗಿ, ಯಾವುದರಲ್ಲಿ ಹಾಗೆ ಎಂದು ಕೇಳಿ ಬರುತ್ತೇನೆ.