ಬಿಟ್ಟಿ ಸಂಗೀತಕ್ಕೆ ಅಜ್ಜಿಯ ಕಾವಲು

ಬಿಟ್ಟಿ ಬಂದದ್ದು ಯಾವುದನ್ನೂ ನಮ್ಮಜ್ಜಿ ಮೂಸಿ ನೋಡದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮೂರು ಇಲವಾಲ ಬಿಟ್ಟು ಮೈಸೂರಿಗೆ ಬಂದ ಮೇಲೆ ಅಪ್ಪ ಜಟಕಾ ಹೊಡೆಯುತ್ತಿದ್ದ. ಪಕ್ಕದ ಬೀದಿಯಲ್ಲಿದ್ದ ನಿವೃತ್ತ ಸ್ಕೂಲ್ ಮೇಡಂ ಒಬ್ಬರು ನಮ್ಮಂಥವರ ಮನೆಗಳಿಗೆ ತಾವೇ ಬಂದು, "ಹೆಣ್ಣುಮಕ್ಕಳನ್ನು ಕಳಿಸಿ, ಸಂಗೀತ ಹೇಳಿಕೊಡುತ್ತೇನೆ, ಕಾಸು ಬೇಡ" ಎಂದು ಹೇಳಿ ಹೋದರು.

"ಕಾಸಿಲ್ದೆ ಯಾಕ್ ಹೇಳ್ಕೊಟ್ಟಾಳು? ಏನೋ ಅದೆ ಕಣೋ ಇದ್ರಲ್ಲಿ," ಎಂದಳು ಅಜ್ಜಿ.

"ಹೋಗ್ಲಿ ಬುಡವ್ವ," ಎಂದ ಅಪ್ಪ. ಹಾಡೆಂದರೆ ನನಗೆ ಪ್ರಾಣ. ಹೋಟೆಲಿನ ರೇಡಿಯೋ ಕೇಳಲು ರಸ್ತೆಯಲ್ಲಿ ನಿಂತು ಬೈಸಿಕೊಂಡವಳು ನಾನು.

ಮೊದಲ ಪಾಠ ಶುಕ್ರವಾರ. ಮೇಡಂ ಹಣೆಗೆ ಕುಂಕುಮವಿಟ್ಟು, ಎಲೆಯಡಿಕೆ, ತೆಂಗಿನಕಾಯಿ ಕೈಗಿತ್ತು ಕಳಿಸಿದರು. ಅದನ್ನು ನೋಡಿ ಅಜ್ಜಿ ಎದೆ ಬಡಿದುಕೊಂಡಳು. ನಮ್ಮವರಲ್ಲಿ ಹೆಣ್ಣಿನ ಕಡೆಯವರು ಎಲೆಯಡಿಕೆ ಇಸಿಕೊಂಡರೆ ಮದುವೆಗೆ ಒಪ್ಪಿದ ಹಾಗೆ.

"ಎಲೆಯಡ್ಕೆ ಇಸ್ಕೊಂಡ್ ಬಂದ್ಬುಟ್ಯಲ್ಲೇ! ಆವಮ್ಮಂಗೆ ಮಗ ಅವ್ನೇನೋ!"

ಆಗಲೇ ನನ್ನನ್ನು ಎಳೆದುಕೊಂಡು ಹೋಗಿ ಎಲ್ಲವನ್ನೂ ಮೇಡಂ ಮುಂದಿಟ್ಟು, ಹುಡುಗಿಯನ್ನು ಕೊಡುವುದಿಲ್ಲ ಎಂದಳು. ಮೇಡಂ ಮುಖ ಸಪ್ಪಗಾಯಿತು.

"ಹೆಣ್ಣುಮಗೂನ ಬರಿಗೈಲಿ ಕಳಿಸಬಾರದು ಅಂತ ಕೊಟ್ಟೆ ಕಣಮ್ಮ. ನನಗೆ ಮಕ್ಕಳೇ ಇಲ್ಲ," ಎಂದರು.

ವಾಪಸು ಬರುವಾಗ ಅಜ್ಜಿ ಇನ್ನೂ ಗಾಬರಿಯಾಗಿದ್ದಳು. "ಮಕ್ಕಳಿಲ್ವಂತೆ. ನಿನ್ನೇ ಮಡೀಕಂಡ್ಬುಟ್ರೆ?"

ನಾನು ಅನ್ನ ಮುಟ್ಟದೆ ಅತ್ತೆ. ಕೊನೆಗೆ ಅಪ್ಪ ರಾಜಿ ಮಾಡಿಸಿದ: ಪಾಠಕ್ಕೆ ನಾನು ಹೋಗಬಹುದು, ಆದರೆ ಕಾವಲಿಗೆ ಅಜ್ಜಿಯೂ ಬರಬೇಕು.

ಅಂದಿನಿಂದ ಅಜ್ಜಿ ಮೇಡಂ ಮನೆಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತು, ರೆಪ್ಪೆ ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು. ತಾಳ ತಪ್ಪಿದಾಗ ಮೇಡಂ ನನ್ನ ಕೈ ಹಿಡಿದರೆ ಜೋರಾಗಿ ಕೆಮ್ಮುತ್ತಿದ್ದಳು. ಉಳಿದ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನನಗೆ ಅವಮಾನ, ಅಜ್ಜಿಯ ಮೇಲೆ ಕೆಂಡದಂಥ ಕೋಪ. ಪಾಠ ತಪ್ಪೀತೆಂದು ತಲೆ ತಗ್ಗಿಸಿ ತಾಳ ಹಾಕುತ್ತಿದ್ದೆ.

ಮಳೆಗಾಲದಲ್ಲೊಮ್ಮೆ ನನಗೆ ಜ್ವರ ಬಂತು. ಪಾಠದ ಹೊತ್ತಿಗೆ ಅಜ್ಜಿ ತಲೆ ಬಾಚಿ, ಒಗೆದ ಸೀರೆ ಉಟ್ಟು ಹೊರಟಳು.

"ನಾನೇ ಹೋಗ್ತಿಲ್ವಲ್ಲಜ್ಜಿ!"

"ನೀನಿಲ್ದಾಗ ಆವಮ್ಮ ಏನ್ ಮಾಡ್ತಾಳೋ, ಒಸಿ ನೋಡ್ಕೊಂಡ್ ಬತ್ತೀನಿ."

ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಜ್ವರಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು ನನ್ನನ್ನು ಸುಡುತ್ತಿತ್ತು. ಕೊನೆಗೆ ಅಜ್ಜಿ ಬಂದು ಯಾರನ್ನೂ ನೋಡದೆ ಒಳಗೆ ನಡೆದಳು.

"ಏನಾರ ಗೊತ್ತಾಯ್ತಾ ಅವ್ವ?" ಎಂದು ಅಪ್ಪ ಕೇಳಿದ.

"ಅನುಮಾನ ತೀರ್ಲಿಲ್ಲ ಕಣೋ," ಎಂದಳು. "ನಾಳೀಕೂ ಹೋಗ್ಬೇಕು."