ಹೆಲಿಕಾಪ್ಟರ್ ಇಳಿಯುವ ಮುನ್ನ ಮಾದಮ್ಮ

ಕಣಕಟ್ಟೆ ಊರಿನ ಆಚೆಗಿನ ತೆಂಗಿನ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಾದಮ್ಮ ಆಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೆಲಿಕಾಪ್ಟರ್ ಇಳಿಯುವ ಸಿಮೆಂಟಿನ ಅಂಗಳ ಗುಡಿಸುತ್ತಿದ್ದಾರೆ. ಒಂದು ಸಲ ಗುಡಿಸಿದ್ದಾಯಿತು, ಮತ್ತೆ ಗುಡಿಸುತ್ತಾರೆ. ಬಿದ್ದ ಸೋಗೆಗಳನ್ನು ದೂರ ಎಳೆದುಹಾಕುತ್ತಾರೆ. ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರೊಂದನ್ನು ಹಾವು ಕಂಡವರಂತೆ ನೋಡಿ, ಓಡಿಹೋಗಿ ಕಿತ್ತು ತರುತ್ತಾರೆ. ಇವತ್ತು ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತಾವು ಇಷ್ಟು ದಿನ ನೋಡಿಕೊಂಡ ಹೆಲಿಕಾಪ್ಟರ್ ಮಾರಾಟವಾಗಿದೆ; ಕೊಂಡವರು ಇಂದೇ ಒಯ್ಯುತ್ತಾರೆ.

ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಈ ಪುಟ್ಟ ಹೆಲಿಕಾಪ್ಟರಿಗೆ ನಾಲ್ಕೇ ಸೀಟು, ಕಾರಿಗಿರುವಂಥ ಪಿಸ್ಟನ್ ಎಂಜಿನ್. ಗುಜರಾತಿನ ಬಟ್ಟೆ ಗಿರಣಿಯವರೊಬ್ಬರ ಕೈಯಿಂದ ಇವರ ಕೈಗೆ ದಾಟಿದ್ದು. ಮಾಲೀಕರು ಬದಲಾದರೂ ಬಾಲದ ಮೇಲಿನ, ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳು ಬದಲಾಗಲಿಲ್ಲ. ಖಾಸಗಿ ಬಳಕೆಗೆಂದೇ ನೋಂದಣಿಯಾಗಿರುವುದರಿಂದ ಬಾಡಿಗೆಗೆ ಬಿಡುವಂತಿಲ್ಲ. ಮದುವೆಗೆ ಹೂ ಸುರಿಸಿಕೊಡಿ ಎಂದು ಗಂಡಸಿ ಊರಿನಿಂದ ಬೈಕೇರಿ ಬರುವವರನ್ನು ಸಾಗಹಾಕುವುದೂ ಮಾದಮ್ಮನ ಪಾಲಿನದೇ. "ನಿಮ್ ಮದ್ವೆಗೆ ವಾಲಗ ಸಾಕು, ಹೋಗ್ರಪ್ಪ" ಎನ್ನುತ್ತಾರೆ.

ಮೊದಲು ಇದೇ ತೋಟದಲ್ಲಿ ಕಾಯಿ ಹೊರುತ್ತಿದ್ದರು. ಭುಜ ಕೈಕೊಟ್ಟ ಮೇಲೆ ಪೊರಕೆ ಹಿಡಿದರು. ಗುಡಿಸುವುದೇನು ಮಹಾ ಎಂದುಕೊಂಡಿದ್ದರು, ಆ ವರ್ಷದ ಆಯುಧಪೂಜೆ ಬರುವವರೆಗೆ. ಲಾರಿ, ಟ್ರ್ಯಾಕ್ಟರಿಗೆ ಕಟ್ಟುವಂತೆ ಹೆಲಿಕಾಪ್ಟರಿನ ಬಾಲಕ್ಕೂ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿಬಿಟ್ಟರು. ಹಾರುವ ಮುನ್ನ ಸುತ್ತ ನೋಡಲು ಬಂದ ಪೈಲಟ್ ಉದಯಕುಮಾರ್ ಬೆವೆತುಹೋದರು.

"ಆವಪ್ಪ ಬೈಲಿಲ್ಲ ಕಣ್ರೀ. ಈ ಹಾರ ಹಿಂದ್ಗಡೆ ರೆಕ್ಕೆಗೆ ಸುತ್ಕಂಡ್ರೆ ನಾನು ಮನೆಗೆ ಹೋಗಲ್ಲ ಮಾದಮ್ಮ, ಅಂದ್ರು. ಅವತ್ತು ನಂಗೆ ಅನ್ನ ಸೇರ್ಲಿಲ್ಲ" ಎಂದು ಮಾದಮ್ಮ ಈಗಲೂ ಹೇಳುತ್ತಾರೆ.

ಅಂದಿನಿಂದ ಪೂಜೆಯೆಂದರೆ ಕುಂಕುಮದ ಒಂದು ಬೊಟ್ಟು. ಹಾರಿದ ಹೆಲಿಕಾಪ್ಟರ್ ಮರಳಿ ಇಳಿಯುವವರೆಗೆ ಮಾದಮ್ಮ ಕಾಫಿಯನ್ನೂ ಕುಡಿಯುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಹೆಲಿಕಾಪ್ಟರ್ ಕೊಂಡ ಬಿಕ್ಕೋಡಿನ ಕಾಫಿ ತೋಟದ ಮಾಲೀಕ ಕುಮಾರಸ್ವಾಮಿ ಬರುತ್ತಾರೆ. ನೋಂದಣಿ ಪತ್ರ, ಎಂಜಿನ್ ಓಡಿದ ಗಂಟೆ, ಹಿಂದಿನ ಮಾಲೀಕರ ಪೂರ್ವಾಪರ ಎಲ್ಲವನ್ನೂ ವಿಚಾರಿಸುತ್ತಾರೆ. ಮಾದಮ್ಮ ತಡೆಯಲಾರದೆ ನಡುವೆ ಬಾಯಿ ಹಾಕುತ್ತಾರೆ.

"ಸ್ವಾಮಿ, ಅಲ್ಲಿ ಎಲ್ಲಿ ಇಳಿಸ್ತೀರ?"

"ಕಾಫಿ ಒಣಗಿಸೋ ಕಣ ಇದೆಯಲ್ಲಮ್ಮ, ಅಲ್ಲೇ."

"ಅಲ್ಲಿ ಟಾರ್ಪಾಲು ಇರ್ತಾವಲ್ಲ! ಗುಡ್ಸೋರು ಯಾರು?"

"ಆಳುಗಳಿದ್ದಾರೆ. ಯಾರೋ ಒಬ್ಬರು ಗುಡಿಸ್ತಾರೆ ಬಿಡಿ."

ಆ ಮಾತು ಮಾದಮ್ಮನ ಎದೆಗೆ ನಾಟುತ್ತದೆ. ತಮ್ಮ ಕೆಲಸದ ಚಿಂತೆ ಅವರಿಗಿಲ್ಲ, ತೋಟದಲ್ಲಿ ಮತ್ತೇನಾದರೂ ಸಿಗುತ್ತದೆ. ಆದರೆ ಹೆಲಿಕಾಪ್ಟರಿನ ಜೊತೆ ಉದಯಕುಮಾರರೂ ಹೊಸ ಮಾಲೀಕರಲ್ಲಿಗೆ ಹೋಗುತ್ತಿದ್ದಾರೆ. ಗಾಳಿಗೆದ್ದ ಒಂದು ಟಾರ್ಪಾಲು ಸಾಕು, ಆ ಹಾರದಂತೆ ಹಿಂದಿನ ರೆಕ್ಕೆಗೆ ಸುತ್ತಿಕೊಳ್ಳಲು.

ಹೆಲಿಕಾಪ್ಟರಿನ ಸೀಟಿನಲ್ಲಿ ಕೂತಿದ್ದ ಉದಯಕುಮಾರ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಕೀ ತೆಗೆದು ಜೇಬಿಗಿಟ್ಟುಕೊಂಡು ಕೆಳಗಿಳಿಯುತ್ತಾರೆ.

"ಸರ್, ಇವತ್ತು ಬೇಡ. ಮಾದಮ್ಮ ಬಂದು ಕಣ ನೋಡಲಿ, ನಾಳೆ ಹಾರ್ತೀನಿ."

ಕುಮಾರಸ್ವಾಮಿ ಗಡಿಯಾರ ನೋಡಿಕೊಳ್ಳುತ್ತಾರೆ, ಪೈಲಟ್ ಮುಖ ನೋಡುತ್ತಾರೆ. ಕೊನೆಗೆ ಜೀಪಿನ ಬಾಗಿಲು ತೆರೆದು ಮಾದಮ್ಮನನ್ನು ಕರೆಯುತ್ತಾರೆ. ಮಾದಮ್ಮ ಹತ್ತುವುದಿಲ್ಲ.

"ಯಾರೋ ಒಬ್ರು ಅಂದ್ರಲ್ಲ ಸ್ವಾಮಿ, ಮೊದ್ಲು ಅವ್ರ ಹೆಸ್ರು ಹೇಳಿ. ಅವ್ರಿಗೆ ಗುಡ್ಸೋದು ಕಲಿಸ್‌ಕೊಟ್ಟು ಸಂಜೆ ಬಸ್ಸಿಗೆ ವಾಪಸ್ ಬತ್ತೀನಿ."