ಹಳ್ಳದ ಪಾತ್ರಕ್ಕೆ ಸಿಕ್ಕ ತಾಜಬಿ

ಹಳೇ ಹುಬ್ಬಳ್ಳಿಯಲ್ಲಿ ಹಳ್ಳಕ್ಕೆ ಬೆನ್ನು ಕೊಟ್ಟು ಕೂತ ಮನೆಗಳಲ್ಲಿ ಕಡೆಯದು ಕಲಾಯಿ ಮಕಬೂಲಸಾಬನದು. ಮನೆ ಅವನದು ಎಂಬುದು ಹೆಸರಿಗೆ. ನಡೆಸುವಾಕೆ ಅವನ ಹೆಂಡತಿ ತಾಜಬಿ. ಅವನು ಕಾದ ಹಂಡೆಯೊಳಗೆ ತವರ ಸವರಿ ಹತ್ತಿಯಿಂದ ತಿಕ್ಕುತ್ತಿದ್ದರೆ ಇವಳು ತಿದಿ ಒತ್ತುತ್ತಿದ್ದಳು, ಗಿರಾಕಿಗಳ ಸಂಗಡ ಜಗಳಾಡುತ್ತಿದ್ದಳು, ಯಾವ ಕೊಡ ಯಾರದೆಂದು ನೆನಪಿಟ್ಟುಕೊಳ್ಳುತ್ತಿದ್ದಳು. ಒಂದೇ ಎರಕದ ಹತ್ತು ತಂಬಿಗೆ ಮುಂದಿಟ್ಟರೂ, "ಇದು ಸಂಗವ್ವನದು, ಬಾಯಿ ಸೊಟ್ಟ ಐತಿ, ಅಕಿ ಹಂಗ" ಎಂದು ನಗುತ್ತಿದ್ದಳು.

ನವಲಗುಂದದ ಕಡೆಯಿಂದ ಮದುವೆಯಾಗಿ ಬಂದಾಗ ಅಲ್ಲಿ ಇದ್ದದ್ದು ಒಂದು ಚಪ್ಪರ. ಗೋಡೆ ಎಬ್ಬಿಸಿದ್ದು ಅವಳೇ. ಬೇಸಿಗೆ ಬಂದರೆ ಹಳ್ಳದ ಮಣ್ಣನ್ನೇ ಹೊತ್ತು ತಂದು ತುಳಿದು, ಈ ವರ್ಷ ಒಂದು ಗೋಡೆ, ಬರುವ ವರ್ಷ ಇನ್ನೊಂದು. ಮಕ್ಕಳಾಗಲಿಲ್ಲ. ಓಣಿಯ ಹೆಂಗಸರು ಆಡಿಕೊಂಡರೆ, "ನಾಕ ಗ್ವಾಡಿ ಹಡದೇನಲ್ಲ, ಅವನ್ನ ಸಾಕತೇನಿ" ಎನ್ನುತ್ತಿದ್ದಳು.

ಬಿಳಿಯರ ಆಳಿಕೆಯಲ್ಲೇ ಮುಂಬಯಿಯಲ್ಲಿ ನಮ್ಮವರು ಮಂತ್ರಿಗಳಾದರೆಂದು ಊರು ಪೇಢೆ ಹಂಚಿದ ಮರುವರ್ಷದ ಮಾತು. ಅದರ ಹಿಂದಿನ ಮಳೆಗಾಲದಲ್ಲಿ ಹಳ್ಳ ಉಕ್ಕಿ ಆಚೆ ದಂಡೆಯ ಎಮ್ಮೆಗಳನ್ನೂ ಬಣವೆಗಳನ್ನೂ ಹೊತ್ತುಕೊಂಡು ಹೋಗಿತ್ತು. ನೀರಿನ ದಾರಿಗೆ ಅಡ್ಡ ಬಂದದ್ದನ್ನೆಲ್ಲ ತೆಗೆಸಬೇಕೆಂದು ಮೇಲೆ ಕಾಯ್ದೆ ಆಯಿತಂತೆ. ಅದಕ್ಕೊಂದು ಕಚೇರಿಯೂ ಬಂತು. ಜನ ಅದನ್ನು ಹಳ್ಳದ ಕಚೇರಿ ಎಂದು ಕರೆದರು. "ಹಳ್ಳಕ್ಕ ಯಾಕ ಕಚೇರಿ? ಹಳ್ಳ ಏನ ಪಾಳೆ ಹಚ್ಚಿ ನಿಂದ್ರತದ?" ಎಂದು ಮಕಬೂಲಸಾಬ ನಕ್ಕ.

ದವನದ ಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ ಡಂಗುರದ ಸಿದ್ದಪ್ಪ ಓಣಿಗೆ ಬಂದ. ಹಲಗೆ ಬಡಿದು, ಕಚೇರಿಯವರು ಬಾಯಿಪಾಠ ಮಾಡಿಸಿದ ಮಾತನ್ನು ಒಂದೇ ಉಸಿರಿಗೆ ಹೇಳಿದ: "ಕೇಳ್ರಪೋ ಕೇಳ್ರಿ. ಬರುವ ಅಮಾವಾಸ್ಯೆಯೊಳಗೆ ಹಳ್ಳದ ಪಾತ್ರ ತೆರವು ಮಾಡತಕ್ಕದ್ದು. ತಕರಾರು ಇದ್ದವರು ಅಷ್ಟರೊಳಗೆ ಕಚೇರಿಗೆ ಬಂದು ಹೇಳಿದರೆ ಬೇರೆ ಜಾಗದ ವಿಚಾರ ಮಾಡಲಾಗುವುದು. ಆಮೇಲಿನ ತಕರಾರು ನಡೆಯತಕ್ಕದ್ದಲ್ಲ."

ತಾಜಬಿ ತಿದಿ ಬಿಟ್ಟು ಎದ್ದು ನಿಂತಳು. ಎದುರು ಮನೆಯ ಈರವ್ವ, ಅರಳೆ ವ್ಯಾಪಾರದ ಮುರುಗೆಪ್ಪನ ಹೆಂಡತಿ, ಬಾಗಿಲಿಗೆ ಬಂದಿದ್ದಳು.

"ಏನಂದಾ ಈರಕ್ಕಾ? ಹಳ್ಳದ ಪಾತ್ರ ಅಂದ್ರ?"

"ಭಾಂಡೆ ಅಲ್ಲೇನ. ದಫ್ತರದ ಕನ್ನಡದಾಗ ಭಾಂಡೆಕ್ಕ ಪಾತ್ರ ಅಂತಾರ. ನಮ್ಮ ಹುಡುಗರ ಸಾಲಿ ಪುಸ್ತಕದಾಗೂ ಪಾತ್ರಿ ಅಂತಲೇ ಐತಿ. ನೀವು ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದ ನೀರು ಹಳ್ಳಕ್ಕ ಬಿಡತೀರಲ್ಲ, ಹೊಲಸಾತು ಅಂದಿರಬೇಕ."

"ಹಂಗಾದ್ರ ಬ್ಯಾರೆ ಜಾಗಾ?"

"ಭಾಂಡೆ ಇಡಾಕ ಮನ್ಯಾಗ ಜಾಗಾ ಇಲ್ಲದವರಿಗೆ ಇರಬೇಕ. ನಿನಗ ಐತೆಲ್ಲ."

ಇದು ತಾಜಬಿಗೆ ಸರಿ ಕಂಡಿತು. ಹಳ್ಳದ ದಂಡೆಗೆ ಸಾಲಾಗಿ ಬೋರಲು ಹಾಕಿದ್ದ ಊರ ಜನರ ಹಂಡೆ, ಕೊಡ, ಪರಾತ, ತಪೇಲಿಗಳನ್ನೆಲ್ಲ ಗಂಡ ಹೆಂಡತಿ ಸೇರಿ ಮನೆಯೊಳಗೆ ಸಾಗಿಸಿದರು. ಒಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ಮಕಬೂಲಸಾಬ ಪರಾತದ ಮೇಲೆ ಕೂತು ಊಟ ಮಾಡಿದ. ತಿಕ್ಕುವ ಕೆಲಸವನ್ನೂ ಅಂಗಳಕ್ಕೆ ತಂದರು. ಸರಕಾರದ ಮಾತನ್ನು ಓಣಿಯಲ್ಲಿ ಮೊದಲು ಪಾಲಿಸಿದವರು ತಾವೇ ಎಂದು ತಾಜಬಿಗೆ ಒಳಗೊಳಗೇ ಜಂಬ. ಅಮಾವಾಸ್ಯೆ ಬಂತು, ಹೋಯಿತು.

ಅದಾದ ಮೇಲೆ ಗುದ್ದಲಿ, ಹಾರೆ ಹಿಡಿದ ಆಳುಗಳು ಬಂದರು. ಅವರ ಮುಕಾದಮನಿಗೆ ತಾಜಬಿ ಎಲೆ ಅಡಿಕೆ ತಂದು ಕೊಟ್ಟು, "ನೋಡ್ರಿ, ಹಳ್ಳದಾಗ ಒಂದ ಚರಿಗಿ ಸೈತ ಇಲ್ರಿ. ಎಲ್ಲಾ ಒಳಗ ಇಟ್ಟೇವಿ" ಎಂದಳು.

ಮುಕಾದಮ ಎಲೆಯನ್ನು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದ. "ಯವ್ವಾ, ಯಾಕ ಒಳಗ ಇಟ್ಟಿ? ಒಳಗಿಂದು ಹೊರಗ ತಗೀಬೇಕಿತ್ತು."

"ಪಾತ್ರ ತಗೀರಿ ಅಂದಿದ್ರಲ್ಲ."

"ಪಾತ್ರ ಅಂದ್ರ ಭಾಂಡೆ ಅಲ್ಲವಾ. ಹಳ್ಳ ಹರಿಯೂ ಜಾಗಾ. ತಳಾ, ದಂಡಿ ಎಲ್ಲಾ ಸೇರಿ ಪಾತ್ರ. ಅಲ್ಲಿ ಕೆಂಪ ಕಲ್ಲು ಕಾಣತೈತೆಲ್ಲ? ಅಲ್ಲೀತನಕ ಹಳ್ಳದ್ದು. ಈ ಸಾಲಿನಾಗ ನಿನ್ನ ಮನಿ ಒಂದ ಅದರೊಳಗ ಬರತೈತಿ."

ಕೆಂಪು ಬಳಿದ ಕಲ್ಲು ಅವಳ ಹೊಸ್ತಿಲಿನ ಆಚೆ, ಓಣಿಯ ಕಡೆಗೆ ಇತ್ತು. ಯಾರೋ ನೆಟ್ಟು ಹೋದದ್ದನ್ನು ಅವಳು ಕಂಡಿದ್ದಳು. ಅದರ ಮೇಲೆ ಅರಿವೆ ಒಣಹಾಕಿದ್ದಳು ಕೂಡ. ಈಗ ಆ ಕಲ್ಲನ್ನೂ ಮನೆಯನ್ನೂ ನೋಡಿದಳು. ಒಂದು ಮಾತಿಗೆ ಎರಡು ಅರ್ಥ ಇರುವುದು ಗೊತ್ತಿತ್ತು. ಒಂದು ಅರ್ಥದಲ್ಲಿ ಭಾಂಡೆ, ಇನ್ನೊಂದರಲ್ಲಿ ತನ್ನ ಮನೆಯೇ ಇಲ್ಲ ಎಂಬುದು ಮಾತ್ರ ತಲೆಗೆ ಇಳಿಯಲೊಲ್ಲದು.

ಮುಕಾದಮ ಕೆಟ್ಟವನಲ್ಲ. ಭಾಂಡೆ ತೆಗೆಯುವ ತನಕ ಆಳುಗಳನ್ನು ನೆರಳಿಗೆ ಕೂಡಿಸಿದ. ಓಣಿಯ ಹೆಂಗಸರು ಓಡಿ ಬಂದು ತಮ್ಮ ತಮ್ಮ ಕೊಡ, ಹಂಡೆ ಹುಡುಕಿ ಒಯ್ದರು. "ತಾಜಬೀ, ನಮ್ಮ ಪರಾತ ಯಾವುದ?" ಎಂದು ಕೇಳಿದವರಿಗೆ ಅವಳು ಕೈಗೆ ಸಿಕ್ಕದ್ದನ್ನು ಎತ್ತಿ ಕೊಟ್ಟಳು. ಎಲ್ಲರ ಭಾಂಡೆಯ ಗುರುತು ಬಲ್ಲವಳು ಅಂದು ತನ್ನ ಸ್ವಂತದ ತಂಬಿಗೆಯನ್ನೂ ಗುರುತಿಸಲಿಲ್ಲ. ಮೊದಲ ಗೋಡೆಗೆ ಹಾರೆ ಬಿದ್ದಾಗ ಮಕಬೂಲಸಾಬ ತಿದಿಯನ್ನು ತಬ್ಬಿಕೊಂಡು ಓಣಿಯಲ್ಲಿ ಕೂತುಬಿಟ್ಟ.

ಮುರುಗೆಪ್ಪ ತನ್ನ ಗಾಡಿ ನಿಲ್ಲಿಸುವ ಕೊಟ್ಟಿಗೆ ಬಿಟ್ಟುಕೊಟ್ಟ. ಈರವ್ವ ತಲೆ ಎತ್ತದೆ ಒಳಗೂ ಹೊರಗೂ ತಿರುಗುತ್ತಿದ್ದಳು. ತಾಜಬಿ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಬೇರೆ ಜಾಗದ ಆಸೆ ಒಂದಿತ್ತು. ಅದನ್ನು ಕೇಳಲು ಕಚೇರಿಗೆ ಹೋದಳು, ಸಿದ್ದಪ್ಪನನ್ನೂ ಎಳೆದುಕೊಂಡು.

"ಈ ಮನಶ್ಯಾ ಸಾರಿದ್ದು ನಮಗ ತಿಳೀಲಿಲ್ರಿ" ಎಂದಳು ಸಾಹೇಬರ ಮುಂದೆ.

ಸಾಹೇಬರು ಸಿದ್ದಪ್ಪನ ಕಡೆ ತಿರುಗಿದರು. "ಸರಿಯಾಗಿ ಸಾರಿದೆಯೋ ಇಲ್ಲೋ?"

"ಒಂದ ಅಕ್ಷರ ಬಿಟ್ಟಿಲ್ರಿ."

"ಅದರ ಅರ್ಥ ಏನೆಂದು ತಿಳಿದಿದ್ದೆ?"

ಸಿದ್ದಪ್ಪ ಹಲಗೆಯ ದಾರ ತಿರುವುತ್ತ ನಿಂತ. "ಭಾಂಡೆ ಅಂತರಿ. ನಮ್ಮಾಕಿಗೂ ಹೇಳಿ ಹಳ್ಳಕ್ಕ ಒಯ್ದಿದ್ದ ಕೊಡಾ ಎಲ್ಲಾ ಮನಿಗೆ ತರಿಸಿದೆನ್ರಿ."

ಮೂಲೆಯಲ್ಲಿ ಕೂತ ಕಾರಕೂನ ನಕ್ಕ. ಸಾಹೇಬರು ನಗಲಿಲ್ಲ. ಕಾಯ್ದೆಯ ಪುಸ್ತಕ ತೆಗೆದು ಹಾಳೆ ತಿರುವಿದರು. ಊರಲ್ಲಿ ಸಾರಬೇಕು ಎಂದಿತ್ತು. ಸಾರಿದ್ದು ಜನಕ್ಕೆ ತಿಳಿಯಬೇಕು ಎಂದು ಎಲ್ಲಿಯೂ ಇರಲಿಲ್ಲ. "ಅಮಾವಾಸ್ಯೆ ದಾಟಿತು, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ತಾಯಿ" ಎಂದರು. ಇದನ್ನು ಕೇಳಿ ತಾಜಬಿ ಮನೆ ಬಿದ್ದ ದಿನಕ್ಕಿಂತ ಹೆಚ್ಚು ಬೆಚ್ಚಿಬಿದ್ದಳು. ಹಾರೆಯಾದರೂ ಕಣ್ಣಿಗೆ ಕಂಡಿತ್ತು.

ಆರಿದ್ರಾ ಮಳೆ ಆ ವರ್ಷ ಸುರಿದದ್ದನ್ನು ಓಣಿ ಮರೆಯಲಿಲ್ಲ. ಹಗಲೇ ಕತ್ತಲಾಗಿ, ಹಳ್ಳ ಕೆಂಪಗೆ ಏರಿ ಬಂತು. ಈರವ್ವನ ಮಾಳಿಗೆ ಮೇಲೆ ಎಲ್ಲರೂ ನಿಂತು ನೋಡಿದರು. ತಾಜಬಿಯ ಒಲೆ ಇದ್ದಲ್ಲಿ, ಅವಳು ಮಲಗುತ್ತಿದ್ದಲ್ಲಿ, ಮರದ ದಿಮ್ಮಿಗಳು ತಿರುಗುತ್ತ ಹೋದವು. ಕೆಂಪು ಕಲ್ಲನ್ನು ಮುಟ್ಟಿ ನೀರು ನಿಂತಿತು. ಕಲ್ಲು ನೆಟ್ಟವನು ಹಳ್ಳವನ್ನು ಕೇಳಿಯೇ ನೆಟ್ಟಂತಿತ್ತು. ತಾಜಬಿ ಮಾಳಿಗೆಯ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೈ ಬಿಡಿಸಲು ಮಕಬೂಲಸಾಬನೇ ಬರಬೇಕಾಯಿತು.

"ಜೀವಾ ಉಳಿಸಿದ್ರು ನೋಡವಾ" ಎಂದಳು ಈರವ್ವ, ಎಷ್ಟೋ ದಿನದ ಮೇಲೆ ಬಾಯಿಬಿಟ್ಟು.

"ಉಳಿಸಿದ್ದು ಖರೇ ಅಕ್ಕಾ. ನನಗ ತಿಳಿಯೂ ಹಂಗ ಒಂದ ಮಾತ ಹೇಳಿದ್ರ ನಾನ ಕೈಯಾರೆ ಗ್ವಾಡಿ ಇಳಸತಿದ್ನೆಲ್ಲ. ಜೀವಾ ಉಳಸಾಕ ಜೀವಾ ಯಾಕ ತಗೀಬೇಕು?"

ನೀರು ಇಳಿದ ಮೇಲೆ ಸಾಹೇಬರು ತಾವೇ ಬಂದರು. ಕೆಂಪು ಕಲ್ಲಿನಿಂದ ಮೇಲೆ, ದಿಬ್ಬದ ಮೇಲಿನ ಒಂದು ತುಂಡು ಜಾಗವನ್ನು ಮೇಲಿನವರಿಗೆ ಬರೆದು ಮಂಜೂರು ಮಾಡಿಸಿದ್ದರು. ಕಾರಕೂನ ಕಾಗದ ಓದಿದ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಂದಾಗ ತಾಜಬಿ ಕೈ ಹಿಂದಕ್ಕೆ ತೆಗೆದಳು.

"ಕನ್ನಡದಾಗ ಹೇಳ್ರಿ."

"ಕನ್ನಡದಾಗ ಓದಿದ್ನೆಲ್ಲ."

"ಅದು ನಿಮ್ಮ ಕನ್ನಡ. ನಮ್ಮ ಕನ್ನಡದಾಗ ಹೇಳ್ರಿ."

ಕಾರಕೂನ ಸಾಹೇಬರ ಮುಖ ನೋಡಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. ಬಾಡಿಗೆ ಇಲ್ಲ. ಬದುಕಿರುವ ತನಕ ಇರಬಹುದು. ಆದರೆ ಸರಕಾರಕ್ಕೆ ಬೇಕಾದ ದಿನ ಬಿಟ್ಟುಕೊಡಬೇಕು.

"ಅಂದ್ರ, ಮತ್ತ ಕೆಡವತೀರಿ?"

"ಕೆಡವಬಹುದು" ಎಂದ ಅವನು ಮೆಲ್ಲಗೆ.

ಅವಳು ಕೆಂಪು ಕಲ್ಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಬೇರೆ ಜಾಗ ಎಲ್ಲಿತ್ತು?

ದಿಬ್ಬದ ಮೇಲೆ ಅವಳು ಮಣ್ಣು ತುಳಿಯಲಿಲ್ಲ. ನಾಲ್ಕು ಕಂಬ, ತಗಡು, ತಟ್ಟಿ, ಎಲ್ಲವೂ ಹಗ್ಗದಿಂದ ಕಟ್ಟಿದ್ದು. ಮುಂಜಾನೆ ಬಿಚ್ಚು ಎಂದರೆ ಮಧ್ಯಾಹ್ನದೊಳಗೆ ಬಿಚ್ಚಬೇಕು, ಅಂಥ ಮನೆ. ಗಂಡ ತೀರಿದ್ದು ಅಲ್ಲೇ, ಬಿಳಿಯರು ಹೋಗಿ ಸರಕಾರ ಬದಲಾದದ್ದನ್ನು ಕೇಳಿದ್ದೂ ಅಲ್ಲೇ. ಈರವ್ವ ಎಷ್ಟು ಸಲ ಹೇಳಿದರೂ ಒಂದು ಗೋಡೆ ಎಬ್ಬಿಸಲಿಲ್ಲ. ಮಳೆಗಾಲಕ್ಕೆ ಮೊದಲು ಹಗ್ಗ ಬಿಗಿಯುತ್ತಿದ್ದಳು, ಗಂಟು ಮಾತ್ರ ಎಳೆದರೆ ಬಿಚ್ಚುವಂತೆ ಹಾಕುತ್ತಿದ್ದಳು. ಆ ಜಾಗವನ್ನು ಕೇಳಲು ಯಾರೂ ಬರಲೇ ಇಲ್ಲ.